ಕಾರ್ಡ್ ಸಾಲ ತೀರಿತು. ಈಗ ಕಾರ್ಡ್ ಇಟ್ಟುಕೊಳ್ಳೋದಾ, ಕ್ಲೋಸ್ ಮಾಡಿಸೋದಾ?

ತುಂಗಾತೀರ
ನಮಸ್ಕಾರ. ಹೋದ ತಿಂಗಳು ಕ್ರೆಡಿಟ್ ಕಾರ್ಡ್ ಬಾಕಿ ಎಲ್ಲಾ ಕಟ್ಟಿ ಮುಗಿಸಿದೆ. ಎರಡು ಕಾರ್ಡ್ ಇವೆ. ಹಳೆಯದಕ್ಕೆ ವರ್ಷದ ಫೀಸ್ ಇಲ್ಲ, ಇನ್ನೊಂದಕ್ಕೆ ಇದೆ. ತಿಂಗಳಿಗೆ 14,000 ಬಾಕಿಗೇ ಹೋಗುತ್ತಿತ್ತು, ಇನ್ನು ಅದು ಉಳಿಯುತ್ತದೆ ಅಂದುಕೊಂಡಿದ್ದೆ. ಈ ಸಲ 20ನೇ ತಾರೀಖು ಅಕೌಂಟ್ ನೋಡಿದರೆ ಮೊದಲಿನ ಹಾಗೇ ಖಾಲಿ! ದೊಡ್ಡದೇನೂ ಕೊಂಡೂ ಇಲ್ಲ. ಇದರ ಮಧ್ಯೆ ಲಿಮಿಟ್ ಜಾಸ್ತಿ ಮಾಡುತ್ತೇವೆ ಅಂತ ಫೋನ್ ಬೇರೆ. ಅಪ್ಪ ಎರಡೂ ಕಾರ್ಡ್ ಕತ್ತರಿಸಿ ಬಿಸಾಕು ಅನ್ನುತ್ತಾರೆ, ಫ್ರೆಂಡ್ಸ್ ಸಿಬಿಲ್ ಸ್ಕೋರ್ (ಸಾಲ ಕೊಡುವವರು ನೋಡುವ ಅಂಕ) ಬೀಳುತ್ತೆ ಅಂತ ಹೆದರಿಸುತ್ತಾರೆ. ಏನು ಮಾಡಲಿ?

ಲೆಕ್ಕದಹುಚ್ಚ
ಸಾಲ ತೀರಿದೆ ಅಂತ ಗ್ಯಾರಂಟಿನಾ? ಮೊದಲು ಅದನ್ನು ನೋಡಿ. ಹಿಂದಿನ ಸ್ಟೇಟ್‌ಮೆಂಟ್ ಆದಮೇಲೆ ನೀವು ದುಡ್ಡು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ, ಅದರ ಮೇಲೆ 18% ಜಿಎಸ್‌ಟಿ. ಸಣ್ಣ ಮೊತ್ತವೇ ಇರಬಹುದು, ಆದರೆ ತೀರಿತಲ್ಲ ಅಂತ ಆಪ್ ತೆರೆಯದೆ ಕೂತರೆ ಲೇಟ್ ಫೀಸ್ ಬೀಳುತ್ತದೆ, ತಡ ಮಾಡಿದ್ದು ನಿಮ್ಮ ಕ್ರೆಡಿಟ್ ರಿಪೋರ್ಟಿಗೂ (ನಿಮ್ಮ ಸಾಲಗಳ ದಾಖಲೆ) ಹೋಗುತ್ತದೆ.

ಇನ್ನೊಂದು, ಪೂರ್ತಿ ಕಟ್ಟಿದಿರಾ, ಇಲ್ಲ ಕಡಿಮೆಗೆ ಮಾತಾಡಿ ಮುಗಿಸಿದಿರಾ? ಎರಡನೆಯದಾದರೆ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಇರುತ್ತದೆ, ಮುಂದೆ ಮನೆ ಸಾಲ ಕೇಳುವಾಗ ಅದೇ ಅಡ್ಡ ಬರುತ್ತದೆ. ಈ ರಿಪೋರ್ಟ್ ಮಾಡುವ ಕಂಪನಿಗಳು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ತೆಗೆದು ನೋಡಿ.

ಲಿಮಿಟ್ ಫೋನಿಗೆ ಬೇಡ ಅಂದರೆ ಸಾಕು. ಆರ್‌ಬಿಐ ನಿಯಮದ ಪ್ರಕಾರ ನೀವು ಒಪ್ಪದೆ ಏರಿಸುವ ಹಾಗಿಲ್ಲ. ಫೀಸ್ ಇರುವ ಕಾರ್ಡ್ ಕ್ಲೋಸ್ ಮಾಡಿಸಿ, ಹಳೆಯದು ಇರಲಿ. ಬಾಕಿ ಇಲ್ಲದಿದ್ದರೆ ನೀವು ಕೇಳಿದ ಏಳು ಕೆಲಸದ ದಿನದಲ್ಲಿ ಬ್ಯಾಂಕಿನವರು ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ಮೇಲ್‌ನಲ್ಲೇ ಕೇಳಿ, ದಾಖಲೆ ಇರುತ್ತದೆ.

ಬೆಣ್ಣೆದೋಸೆ_ದಾವಣಗೆರೆ
ಕಾರ್ಡ್ ವಿಷಯ ಅಣ್ಣ ಹೇಳಿದರು, ನಾನು ಆ 14,000 ಬಗ್ಗೆ ಹೇಳುತ್ತೇನೆ. ಅದು ಯಾವುದಕ್ಕೆ ಅಂತ ಗೊತ್ತುಮಾಡದೆ ಬಿಟ್ಟರೆ ಸ್ವಿಗ್ಗಿ, ಆಟೋ, ಯಾರದೋ ಗೃಹಪ್ರವೇಶದ ಮುಯ್ಯಿ ಅಂತ ಕರಗಿಹೋಗುತ್ತದೆ, ಎಲ್ಲಿ ಹೋಯಿತು ಅಂತಾನೂ ತಿಳಿಯೋದಿಲ್ಲ. ನೀವು ಇಷ್ಟು ದಿನ ಅದಿಲ್ಲದೆ ಬದುಕಿದ್ದೀರಿ ಅಲ್ವಾ, ಇನ್ನೂ ಒಂದು ವರ್ಷ ಸಾಲ ಇದೆ ಅಂತಲೇ ಇರಿ. 10,000ಕ್ಕೆ ಆರ್‌ಡಿ (ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿಸಿ. ಉಳಿದ 4,000 ಬೇರೆ ಅಕೌಂಟಿಗೆ ಹಾಕಿ. ಜೂನ್‌ನಲ್ಲಿ ಸ್ಕೂಲ್ ಫೀಸ್, ಗಾಡಿ ಇನ್ಶೂರೆನ್ಸ್, ಗೌರಿ ಹಬ್ಬ, ಇವೆಲ್ಲ ಪ್ರತಿ ವರ್ಷ ಬರುವಂಥವೇ, ಆದರೂ ನಮ್ಮ ಮನೆಯಲ್ಲಿ ಪ್ರತಿ ಸಲ ಹೊಸದಾಗಿ ಬಂದ ಹಾಗೆ ಗಾಬರಿಯಾಗಿ ಕಾರ್ಡ್ ಉಜ್ಜುತ್ತಿದ್ದೆವು. ಈಗ ನಾವೂ ಇದಕ್ಕೆಂದೇ ಬೇರೆ ಅಕೌಂಟ್ ಇಟ್ಟಿದ್ದೇವೆ, ಅದಕ್ಕೆ ಫೋನ್‌ಪೇ ಇಲ್ಲ. ಎಟಿಎಂ ಕಾರ್ಡ್ ಅಮ್ಮನ ಮನೆ ಬೀರುವಿನಲ್ಲಿದೆ, ಬೇಕಾದರೆ ಹರಿಹರದ ಬಸ್ ಹತ್ತಬೇಕು. ಹತ್ತಿ ಹೋಗುವಷ್ಟು ಅವಸರ ಇಲ್ಲಿಯವರೆಗೆ ಯಾವುದಕ್ಕೂ ಬಂದಿಲ್ಲ.

ನಗದುನಾರಾಯಣ
ನಾನು ಒಪ್ಪಲ್ಲ. ಎರಡೂ ಕ್ಲೋಸ್ ಮಾಡಿ, ಅಪ್ಪ ಹೇಳಿದ್ದೇ ಸರಿ. ತಿಂಗಳಿಗೆ 3.5% ಅಂದರೆ ವರ್ಷಕ್ಕೆ 42%, ಬಡ್ಡಿ ಅಂಗಡಿಯವನೂ ಅಷ್ಟು ಕೇಳುತ್ತಾನೋ ಇಲ್ಲವೋ. ಸಾಲವೇ ಬೇಡ ಅನ್ನುವವನಿಗೆ ಸ್ಕೋರ್ ಕಟ್ಟಿಕೊಂಡು ಏನಾಗಬೇಕು? ಅದೂ ಈಗ ರುಪೇ ಕಾರ್ಡನ್ನು ಯುಪಿಐಗೆ ಸೇರಿಸಿ ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡಬಹುದು. ಹತ್ತು ರೂಪಾಯಿ ಟೀಗೂ ಸಾಲ!

ಲೆಕ್ಕದಹುಚ್ಚ
ನಾರಾಯಣಣ್ಣ, ನಿಮಗೆ ಸರಿ ಇರಬಹುದು. ಆದರೆ ಇವರು ನಾಳೆ ಮನೆ ಸಾಲಕ್ಕೆ ಹೋದರೆ ಹಳೇ ಕಾರ್ಡಿನ ಶಿಸ್ತಿನ ದಾಖಲೆ ಕೆಲಸಕ್ಕೆ ಬರುತ್ತದೆ. ಲಿಮಿಟ್ ಇಳಿಸಿಕೊಳ್ಳಲಿ, ಕರೆಂಟ್ ಬಿಲ್ ಒಂದನ್ನೇ ಅದರಲ್ಲಿ ಕಟ್ಟಲಿ, ಉಳಿದ ಸಮಯ ಆಪ್‌ನಲ್ಲಿ ಆನ್‌ಲೈನ್ ವ್ಯವಹಾರ ಆಫ್ ಇಡಲಿ. ಕಾರ್ಡ್ ಬಿಲ್ಲಿಗೆ ಆಟೋಪೇ ಹಾಕುವಾಗ 'ಮಿನಿಮಮ್' ಅಲ್ಲ, 'ಟೋಟಲ್ ಡ್ಯೂ' (ಪೂರ್ತಿ ಬಾಕಿ) ಆಯ್ಕೆ ಮಾಡಿ. ಸ್ವಲ್ಪ ಬಾಕಿ ಉಳಿಸಿದರೂ ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ, ಬಡ್ಡಿ ಇಲ್ಲದ ಆ 45-50 ದಿನ ಸಿಗೋದಿಲ್ಲ.

ತುಂಗಾತೀರ
ಆಪ್ ನೋಡಿದೆ, 612 ರೂಪಾಯಿ ಬಡ್ಡಿ ಕೂತಿತ್ತು! ಈಗಲೇ ಕಟ್ಟಿದೆ. ಫೀಸ್ ಇರುವ ಕಾರ್ಡ್ ಕ್ಲೋಸ್ ಮಾಡಲು ಮೇಲ್ ಹಾಕಿದೆ, ಹಳೆಯದರ ಲಿಮಿಟ್ 30,000ಕ್ಕೆ ಇಳಿಸಿದೆ. ಆರ್‌ಡಿ 10ನೇ ತಾರೀಖಿಗೆ ಇಡಬಹುದಾ? ಸಂಬಳ 1ಕ್ಕೆ ಬರುತ್ತದೆ.

ಬೆಣ್ಣೆದೋಸೆ_ದಾವಣಗೆರೆ
10 ಯಾಕೆ? 2ಕ್ಕೇ ಇಡಿ.