ಕಸಿ ಮಾಡಿಸಿಕೊಂಡವರಲ್ಲಿ ಇಬಿವಿ ವೈರಸ್ ಮತ್ತು ಲಿಂಫೋಮಾ: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 11 ವರ್ಷ. ಕಿಡ್ನಿ ಕಸಿಯಾಗಿ 5 ತಿಂಗಳಾಯ್ತು, ಕೊಟ್ಟವರು ಅವನ ತಾಯಿ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟೀರಾಯ್ಡ್ ನಡೀತಿದೆ. ರಕ್ತದಲ್ಲಿ ಇಬಿವಿ (ಎಪ್ಸ್ಟೀನ್-ಬಾರ್ ವೈರಸ್) ಎಣಿಕೆ ಹೋದ ತಿಂಗಳು 3,000 ಇತ್ತು, ಈಗ 5,000. ಈ ವೈರಸ್ಸಿನಲ್ಲಿ ಟೈಪ್ 1, ಟೈಪ್ 2 ಅಂತ ಇದೆಯಂತೆ. ಯಾವುದು ಅಂತ ಟೆಸ್ಟ್ ಮಾಡಿಸಬೇಕಾ?

ಉತ್ತರ (ರಕ್ತರೋಗ ತಜ್ಞರು): ಆ ಟೆಸ್ಟಿಗೆ ದುಡ್ಡು ಹಾಕಬೇಡಿ. ಎರಡು ಟೈಪ್‌ಗಳ ವ್ಯತ್ಯಾಸ ಮುಖ್ಯವಾಗಿ ಇಬಿಎನ್ಎ2, ಇಬಿಎನ್ಎ3 ಜೀನುಗಳಲ್ಲಿದೆ. ಪ್ರಯೋಗಾಲಯದಲ್ಲಿ ಬಿ ಕಣಗಳನ್ನು (ಒಂದು ಬಗೆಯ ಬಿಳಿ ರಕ್ತಕಣ) ನಿಲ್ಲದೆ ಬೆಳೆಯುವಂತೆ ಮಾಡುವುದರಲ್ಲಿ ಟೈಪ್ 1 ಚುರುಕು. ಟೈಪ್ 2 ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಹೆಚ್ಚು ಸಿಗುತ್ತದೆ. ಆದರೆ ಯಾವ ಟೈಪ್ ಬಂದರೂ ಮಗುವಿನ ಚಿಕಿತ್ಸೆ ಬದಲಾಗುವುದಿಲ್ಲ.

ನೀವು ಹುಡುಕಬೇಕಾದ ಕಾಗದ ಬೇರೆ: ಆಪರೇಷನ್ನಿಗೆ ಮುಂಚಿನ ಇಬಿವಿ ವಿಸಿಎ ಐಜಿಜಿ (ವೈರಸ್ ಮೊದಲೇ ತಗುಲಿತ್ತಾ ಎಂದು ತೋರಿಸುವ ಆಂಟಿಬಾಡಿ ಟೆಸ್ಟ್) ರಿಪೋರ್ಟ್, ತಾಯಿಯದ್ದು, ಮಗನದ್ದು ಎರಡೂ. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಈ ವೈರಸ್ ಮಲಗಿರುತ್ತದೆ. ಟಿ ಕಣಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣ) ಅದನ್ನು ಕಾವಲು ಕಾಯುತ್ತವೆ. ತಾಯಿ ಪಾಸಿಟಿವ್, ಮಗ ನೆಗೆಟಿವ್ ಆಗಿದ್ದರೆ, ಕಾವಲು ಕಲಿಯದ ದೇಹಕ್ಕೆ ವೈರಸ್ ಕಿಡ್ನಿಯ ಜತೆಗೇ ಬಂದಿರುತ್ತದೆ. ಮೇಲೆ ಔಷಧಿಗಳು ಟಿ ಕಣಗಳ ಕೈ ಕಟ್ಟಿವೆ. ಕಾವಲಿಲ್ಲದೆ ಬೆಳೆದ ಬಿ ಕಣಗಳು ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಆಗುವ ಅಪಾಯ ಹೆಚ್ಚಿರುವುದು ಈ ಜೋಡಿಯಲ್ಲಿ, ಅದೂ ಮೊದಲ ವರ್ಷ. ಮಗನಿಗೆ ರಕ್ತ ಏರಿಸಿದ ಮೇಲೆ ಮಾಡಿಸಿದ ಐಜಿಜಿ ನಂಬಬೇಡಿ, ರಕ್ತ ಕೊಟ್ಟವರ ಆಂಟಿಬಾಡಿ ಅದರಲ್ಲಿ ಕಾಣಬಹುದು.

ಇನ್ನು ವೈರಸ್ ಎಣಿಸುವ ಪಿಸಿಆರ್ ಟೆಸ್ಟಿನಲ್ಲಿ 3,000ದಿಂದ 5,000. ಈ ಪಿಸಿಆರ್‌ನಲ್ಲಿ ಸುಮಾರು ಮೂರು ಪಟ್ಟಿಗಿಂತ ಕಡಿಮೆ ಏರಿಳಿತವನ್ನು ನಿಜವಾದ ಬದಲಾವಣೆ ಎಂದು ಲೆಕ್ಕ ಹಾಕುವುದಿಲ್ಲ. ಒಂದೇ ಲ್ಯಾಬ್, ಒಂದೇ ಬಗೆಯ ಸ್ಯಾಂಪಲ್ ಇರಲಿ. ವೈರಸ್ ಬಿ ಕಣಗಳೊಳಗೆ ಇರುವುದರಿಂದ ಪೂರ್ಣ ರಕ್ತದಲ್ಲಿ ಎಣಿಕೆ ಪ್ಲಾಸ್ಮಾಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಒಂದು ಸಲ ಅದು, ಇನ್ನೊಂದು ಸಲ ಇದು ಮಾಡಿಸಿದರೆ ಸುಮ್ಮನೆ ಗಾಬರಿ. ಎಣಿಕೆ ಕಡಿಮೆಯಿದ್ದ ಮಾತ್ರಕ್ಕೆ ಲಿಂಫೋಮಾ ಇಲ್ಲ ಅಂತಲೂ ಹೇಳಲಾಗದು. ಕಸಿಯಾಗಿ ಎಷ್ಟೋ ವರ್ಷದ ಮೇಲೆ ಬರುವ ಲಿಂಫೋಮಾಗಳಲ್ಲಿ ಇಬಿವಿ ಇಲ್ಲದವೂ ಇವೆ.

ಪ್ರಶ್ನೆ: ವೈರಸ್ಸೇ ಕಾರಣ ಅಂದಮೇಲೆ ಗ್ಯಾನ್ಸಿಕ್ಲೊವಿರ್ ಕೊಟ್ಟರೆ ಆಗಲ್ವಾ ಸರ್?

ಉತ್ತರ: ಲಿಂಫೋಮಾ ಕಣದಲ್ಲಿ ವೈರಸ್ ಹೆಚ್ಚಾಗಿ ಸುಪ್ತವಾಗಿರುತ್ತದೆ. ಔಷಧಿಯನ್ನು ಚಾಲೂ ಮಾಡುವ ವೈರಸ್ಸಿನ ಕಿಣ್ವ ಆ ಹಂತದಲ್ಲಿ ತಯಾರಾಗುವುದೇ ಇಲ್ಲ. ಸಿಎಂವಿ ಎಂಬ ಇನ್ನೊಂದು ವೈರಸ್ಸಿಗೆಂದು ಬರೆದುಕೊಟ್ಟಿದ್ದರೆ ಮುಂದುವರಿಸಿ, ಇದಕ್ಕೆಂದು ಬೇಡ.

ಪ್ರಶ್ನೆ: ನಮ್ಮ ಅತ್ತಿಗೆಗೂ ಕಸಿಯಾಗಿದೆ. ಕತ್ತಿನಲ್ಲಿ ಗಂಟು, ಸಂಜೆ ಜ್ವರ. ಸೂಜಿ ಹಾಕಿ ನೋಡಿದರಂತೆ, ಏನೂ ಗೊತ್ತಾಗಲಿಲ್ಲ. ಟಿಬಿ ಮಾತ್ರೆ ಶುರು ಮಾಡೋಣ ಅಂತಿದ್ದಾರೆ.

ಉತ್ತರ: ನಮ್ಮಲ್ಲಿ ಎಡವುವುದು ಇಲ್ಲೇ. ಟಿಬಿಯೂ ಇರಬಹುದು, ಲಿಂಫೋಮಾವೂ ಇರಬಹುದು. ಜ್ವರ, ಬೆವರು, ತೂಕ ಇಳಿಯುವುದು ಎರಡರಲ್ಲೂ ಒಂದೇ ಥರ. ಅಂದಾಜಿನ ಮೇಲೆ ಟಿಬಿ ಔಷಧಿ ರಿಫಾಂಪಿಸಿನ್ ಕೊಟ್ಟರೆ ಟ್ಯಾಕ್ರೊಲಿಮಸ್ ಮಟ್ಟ ಕುಸಿದು ಕಿಡ್ನಿ ರಿಜೆಕ್ಟ್ ಆಗಬಹುದು. ಮೊದಲು ಇಡೀ ಗಂಟು ತೆಗೆದು ಬಯಾಪ್ಸಿ ಆಗಲಿ.

ಉತ್ತರ (ಪೆಥಾಲಜಿಸ್ಟ್): ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಗಂಟನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕಬೇಡಿ ಅಂತ ಸರ್ಜನ್‌ಗೆ ಮೊದಲೇ ಹೇಳಿ. ಒಂದು ತುಂಡು ಸಲೈನ್‌ನಲ್ಲಿ ಟಿಬಿ ಕಲ್ಚರ್, ಜೀನ್‌ಎಕ್ಸ್‌ಪರ್ಟ್‌ಗೆ ತಡಮಾಡದೆ ಹೋಗಲಿ. ಫಾರ್ಮಲಿನ್ ತಗುಲಿದರೆ ಕಲ್ಚರ್ ಬೆಳೆಯುವುದಿಲ್ಲ. ಉಳಿದದ್ದು 10% ಫಾರ್ಮಲಿನ್‌ಗೆ, ತುಂಡಿನ ಹತ್ತು ಪಟ್ಟು ದ್ರವ ಇರಲಿ. ಫಾರಂನಲ್ಲಿ ‘ಕಸಿ ರೋಗಿ’ ಅಂತ ಬರೆದು ಇಬಿಇಆರ್ ಇನ್ ಸಿಟು (ಗಂಟಿನ ಕಣದೊಳಗೆ ಇಬಿವಿ ಇದೆಯಾ ನೋಡುವ ಟೆಸ್ಟ್), ಸಿಡಿ20 (ಬಿ ಕಣದ ಮೇಲಿನ ಗುರುತು) ಕೇಳಿ. ಎಲ್ಎಂಪಿ1 (ಇಬಿವಿಯ ಒಂದು ಪ್ರೋಟೀನ್) ಬಣ್ಣ ಒಂದನ್ನೇ ನಂಬಿದರೆ ಕೆಲವು ಇಬಿವಿ ಕೇಸು ತಪ್ಪಿಹೋಗುತ್ತವೆ.

ಪ್ರಶ್ನೆ: ಲಿಂಫೋಮಾ ಅಂತಲೇ ಬಂದರೆ? ಕಸಿಯ ಮಾತ್ರೆ ನಿಲ್ಲಿಸಿಬಿಡೋದಾ?

ಉತ್ತರ (ರಕ್ತರೋಗ ತಜ್ಞರು): ಮನೆಯಲ್ಲಿ ನೀವಾಗಿ ಒಂದು ಮಾತ್ರೆಯನ್ನೂ ಬಿಡಬೇಡಿ. ಕಸಿ ತಂಡದವರು ಸಾಮಾನ್ಯವಾಗಿ ಮೈಕೊಫಿನೊಲೇಟ್ ನಿಲ್ಲಿಸಿ, ಟ್ಯಾಕ್ರೊಲಿಮಸ್ ಅರ್ಧದಷ್ಟಕ್ಕೆ ಇಳಿಸಿ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟು 2ರಿಂದ 4 ವಾರ ನೋಡುತ್ತಾರೆ. ಕೆಲವರಲ್ಲಿ ಅಷ್ಟಕ್ಕೇ ಗಂಟು ಕರಗುತ್ತದೆ. ಕರಗದೆ ಸಿಡಿ20 ಪಾಸಿಟಿವ್ ಇದ್ದರೆ ರಿಟುಕ್ಸಿಮಾಬ್, ದೇಹದ ಮೇಲ್ಮೈಯ ಚದರ ಮೀಟರಿಗೆ 375 ಮಿ.ಗ್ರಾಂ, ವಾರಕ್ಕೊಂದರಂತೆ ನಾಲ್ಕು. ಅದಕ್ಕೂ ಬಗ್ಗದಿದ್ದರೆ ಕೀಮೋ. ರೋಗದ ವೇಗ ಜೋರಾಗಿದ್ದರೆ ಇಷ್ಟು ಕಾಯುವುದಿಲ್ಲ. ರಿಟುಕ್ಸಿಮಾಬ್‌ಗೆ ಮುಂಚೆ ಹೆಪಟೈಟಿಸ್ ಬಿಯ ಎರಡೂ ಟೆಸ್ಟ್, ಎಚ್‌ಬಿಎಸ್‌ಎಜಿ ಮತ್ತು ಆಂಟಿ ಎಚ್‌ಬಿಸಿ, ಆಗಿದೆಯಾ ಕೇಳಿ. ಮೊದಲನೆಯದು ಮಾತ್ರ ಮಾಡಿ ಬಿಟ್ಟರೆ ಲಿವರ್‌ನಲ್ಲಿ ಅಡಗಿದ್ದ ವೈರಸ್ ಮತ್ತೆ ಏಳಬಹುದು.

ಮಗನ ವಿಷಯಕ್ಕೆ: ಹೊಸದಾಗಿ ಗೊರಕೆ, ಟಾನ್ಸಿಲ್ ಊತ, ಬಿಡದ ಜ್ವರ, ರಕ್ತ ಬೀಳುವ ಭೇದಿ ಕಂಡರೆ ಮುಂದಿನ ಪಿಸಿಆರ್ ತನಕ ಕಾಯದೆ ಅವತ್ತೇ ತೋರಿಸಿ.