1911 ಏರ್‌ಸಾಫ್ಟ್ ಪಿಸ್ತೂಲಿಗೆ ಬಿದ್ರಿ ಗ್ರಿಪ್ ಹಾಕಿಸಲಾ, ಒಳಗಿನ ಕೆಲಸಕ್ಕೆ ದುಡ್ಡು ಹಾಕಲಾ?

ಚೌಬಾರಾ ಬಾಯ್ (ಬೀದರ್)
ನನ್ನ ಹತ್ತಿರ ತೈವಾನ್ ಕಂಪನಿಯ 1911 ಏರ್‌ಸಾಫ್ಟ್ ಇದೆ, ಅಂದರೆ ಅಸಲಿ 1911 ಪಿಸ್ತೂಲಿನ ಥರವೇ ಕಾಣೋ ಆಟದ ಗನ್. ಗ್ಯಾಸ್ ಬ್ಲೋಬ್ಯಾಕ್ (ಪ್ರತಿ ಸಲ ಗ್ಯಾಸ್ ಒತ್ತಡಕ್ಕೆ ಮೇಲಿನ ಸ್ಲೈಡು ಹಿಂದೆ ಹೋಗಿ ಬರುತ್ತೆ), 6 ಎಂಎಂ ಪ್ಲಾಸ್ಟಿಕ್ ಬಿಬಿ ಗುಂಡು ಹೊಡೆಯುತ್ತೆ, ಸ್ಲೈಡು ಫ್ರೇಮು ಎರಡೂ ಮೆಟಲ್ಲು. ಹೊಡೆಯೋಕೆ ಮಜಾ ಇದೆ, ಆದರೆ ಗ್ರಿಪ್ ನೋಡಿದರೆ ಬೇಜಾರಾಗುತ್ತೆ, ಪ್ಲಾಸ್ಟಿಕ್‌ಗೆ ಮರದ ಬಣ್ಣ ಬಳಿದಿದ್ದಾರೆ ಅಷ್ಟೇ. ಬೀದರ್‌ನಲ್ಲೇ ಇದ್ದುಕೊಂಡು ಪ್ಲಾಸ್ಟಿಕ್ ಯಾಕೆ ಹಿಡೀಬೇಕು ಅಂತ ಬಿದ್ರಿ ಗ್ರಿಪ್ ಮಾಡಿಸೋ ಆಸೆ ಬಂದಿದೆ. ಕಪ್ಪು ಮೈ, ಅದರ ಮೇಲೆ ಬೆಳ್ಳಿ ತಂತಿಯ ತಾರಕಶಿ ಕೆಲಸ, ಅಶರ್ಫಿ ಬೂಟಿ ಡಿಸೈನ್. ನನ್ನ ಗೆಳೆಯ ಮಾತ್ರ ಆ ದುಡ್ಡಲ್ಲಿ ಒಳಗಿನ ಬ್ಯಾರಲ್ಲು, ಹಾಪ್‌ಅಪ್ ರಬ್ಬರು ಬದಲಿಸು ಅಂತಾನೆ. ಇನ್ನೊಂದು, ಮೂತಿಯಲ್ಲಿರೋ ಕಿತ್ತಳೆ ತುದಿ ತೆಗೆದುಬಿಡೋಣ ಅಂತಿದೀನಿ, ಬಿದ್ರಿ ಜೊತೆ ಅದು ಚೆನ್ನಾಗಿ ಕಾಣಲ್ಲ. ಏನಂತೀರಿ?

ಗಂಜ್ ಗ್ಯಾಸ್ (ಕಲಬುರಗಿ)
ನಿನ್ನ ಗೆಳೆಯ ಹೇಳಿದ್ದು ಖರೆ. ಗ್ರಿಪ್ ಬದಲಿಸಿದರೆ ಗುರಿ ಒಂದಿಂಚೂ ಸುಧಾರಿಸಲ್ಲ. ಮೊದಲು ರಬ್ಬರ್. ಬಿಬಿಗೆ ಹಿಂದಕ್ಕೆ ತಿರುಗುವ ಸ್ಪಿನ್ ಕೊಡೋದೇ ಆ ಸಣ್ಣ ರಬ್ಬರು, ಆ ಸ್ಪಿನ್ ಇರೋದರಿಂದಲೇ ಅಷ್ಟು ಹಗುರದ ಗುಂಡು ನಾಲ್ಕು ಹೆಜ್ಜೆ ಆಚೆ ಬೀಳದೆ ನೇರ ಹೋಗುತ್ತೆ. ಆಮೇಲೆ ಒಳ್ಳೆ ಬಿಬಿ ತಗೋ, 0.25 ಗ್ರಾಂದು. ಶರಣಬಸವೇಶ್ವರ ಜಾತ್ರೆಯಲ್ಲಿ ಮಕ್ಕಳ ಗನ್ ಜೊತೆ ಮಾರ್ತಾರಲ್ಲ ಹಳದಿ ಗುಂಡು, ಅದನ್ನ ಹತ್ತಿರ ಕೂಡ ಬಿಡಬೇಡ. ಅದನ್ನ ಬೆರಳಲ್ಲಿ ಹಿಡಿದು ತಿರುಗಿಸಿ ನೋಡು, ನಡುವೆ ಅಚ್ಚಿನ ಗೆರೆ ಉಗುರಿಗೆ ಸಿಗುತ್ತೆ. ಆ ಗೆರೆ ಬ್ಯಾರಲ್ ಒಳಗೆ ಉಜ್ಜಿಕೊಂಡೇ ಹೋಗುತ್ತೆ, ಕೆಲವು ಅಲ್ಲೇ ಸಿಕ್ಕಿ ಹಾಕಿಕೊಳ್ಳುತ್ತೆ.

ಹತ್ತು ಮೀಟರ್ (ಕಲಬುರಗಿ)
ನಿಮಗೆಲ್ಲ ಗುರಿ ಬೇಕು ಅಂದರೆ ಒಂದು ಏರ್ ಪಿಸ್ತೂಲು ತಗೊಳ್ರಪ್ಪಾ. 4.5 ಎಂಎಂ ಪೆಲೆಟ್, 10 ಮೀಟರ್ ದೂರ, ಹತ್ತು ಅಂಕದ ವೃತ್ತ ಬರೀ 11.5 ಎಂಎಂ ಅಗಲ. ಮ್ಯಾಚ್ ಅಂದರೆ 60 ಗುಂಡು, 75 ನಿಮಿಷ. ಒಂದೇ ಕೈಯಲ್ಲಿ ಹಿಡಿದು ಹೊಡೀಬೇಕು. ಅದು ಆಟ. ಈ ರೆಪ್ಲಿಕಾ ಎಲ್ಲ ಸುಮ್ನೆ ಶೋಕಿ. 10 ಮೀಟರಲ್ಲಿ ಅಂಗೈ ಅಗಲದ ಗುಂಪು ಬಂದರೆ ಕುಣೀತಾರೆ.

ಗಂಜ್ ಗ್ಯಾಸ್
ಸರ್, ಕುಣೀತೀವಿ, ಅದರಲ್ಲಿ ನಾಚಿಕೆ ಏನು? ನಿಮ್ಮದರಲ್ಲಿ ಸ್ಲೈಡ್ ಹಿಂದೆ ಹೋಗಲ್ಲ, ಮ್ಯಾಗ್ಜಿನ್ ಬದಲಿಸೋ ಕೆಲಸ ಇಲ್ಲ. ನಮಗೆ ಬೇಕಿರೋದು ಅದೇ. ಎರಡು ಕೈಯಲ್ಲಿ ಹಿಡಿದು, ಒಂದಾದ ಮೇಲೆ ಒಂದು ಐದು ಡಬ್ಬಿ ಉರುಳಿಸೋದು ಬೇರೆ ಆಟ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸುರಪುರದವ (ಯಾದಗಿರಿ ಜಿಲ್ಲೆ)
ಜಗಳ ಆಮೇಲೆ ಮಾಡ್ಕೊಳ್ಳಿ. ತಮ್ಮಾ, ಕಿತ್ತಳೆ ತುದಿ ಮಾತ್ರ ತೆಗೀಬೇಡ. ಮೆಟಲ್ 1911, ಬಿಸಿಲಲ್ಲಿ ಹತ್ತಡಿ ದೂರದಿಂದ ನೋಡಿದವನಿಗೆ ಅಸಲಿಯೇ ಅದು. ಬೀದರ್‌ನಲ್ಲಿ ಏರ್‌ಫೋರ್ಸ್ ಸ್ಟೇಷನ್ ಇದೆ, ಅಂಥ ಊರಲ್ಲಿ ಬೈಕ್ ಮೇಲೆ ಹೋಗುವಾಗ ಸೊಂಟದಲ್ಲಿ ಇದು ಕಂಡರೆ ಆಟಿಕೆ ಅಂತ ವಿವರಿಸೋಕೆ ನಿನಗೆ ಟೈಮ್ ಯಾರು ಕೊಡ್ತಾರೆ?

ಚೌಬಾರಾ ಬಾಯ್
ಅಣ್ಣಾ ನಾನು ಹೊರಗೆ ಒಯ್ಯೋದೇ ಇಲ್ಲ, ಮನೆ ಮಾಳಿಗೆ ಮೇಲೆ ಹೊಡೆಯೋದು. ಮೂತಿಗೆ ಬಣ್ಣ ಇರಲೇಬೇಕು ಅಂತ ನಮ್ಮ ದೇಶದಲ್ಲಿ ಎಲ್ಲಿದೆ, ಅದು ಅಮೆರಿಕದ ನಿಯಮ ಅಲ್ವಾ?

ಸುರಪುರದವ
ಅಮೆರಿಕದ್ದೇ, ಒಪ್ಪಿದೆ. ನಾನು ಹೇಳ್ತಿರೋದು ಪಕ್ಕದ ಮಾಳಿಗೆ ಬಗ್ಗೆ. ಹಪ್ಪಳ ಒಣಗಿಸೋಕೆ ಬಂದ ಅಜ್ಜಿಗೆ ನಿನ್ನ ನಿಯಮ ಗೊತ್ತಿರುತ್ತಾ? ಅವರು 112ಕ್ಕೆ ಫೋನ್ ಮಾಡಿದರೆ ತಪ್ಪು ಅವರದಲ್ಲ.
ಕಾನೂನಿನ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಅಂದರೆ 4.5 ಎಂಎಂ ಒಳಗೆ, 20 ಜೌಲ್ ಒಳಗೆ ಇರೋ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಹತ್ತು ಮೀಟರ್ ಸರ್ ಅವರದು ಅದರೊಳಗೆ ನೆಟ್ಟಗೆ ಕೂರುತ್ತೆ. ನಿನ್ನದು ಶಕ್ತಿಯಲ್ಲಿ ಒಂದು ಜೌಲ್ ಕೂಡ ಇರಲಿಕ್ಕಿಲ್ಲ, ಆದರೆ ಅಳತೆ 6 ಎಂಎಂ. ರೆಪ್ಲಿಕಾ ಅನ್ನೋ ಮಾತೂ ಆ ರೂಲ್ಸ್‌ನಲ್ಲಿ ಬರುತ್ತೆ. ಅಂಗಡಿಯವನು ‘ಟಾಯ್ ಸರ್, ಟೆನ್ಷನ್ ಬೇಡ’ ಅಂದ ಅಂತ ಕೈಕಟ್ಟಿ ಕೂರಬೇಡ. ಬಿಲ್ ಜೋಪಾನವಾಗಿ ಇಟ್ಟುಕೋ. ಮಾಡೆಲ್ಲು, ಎಂಎಂ, ಜೌಲ್ ಬರೆದು ಠಾಣೆಯಲ್ಲಿ ಅರ್ಜಿ ಕೊಟ್ಟು ಕೇಳು, ಉತ್ತರ ಕಾಗದದ ಮೇಲೆ ತಗೋ.

ಹತ್ತು ಮೀಟರ್
ಇದಕ್ಕೆ ನನ್ನ ಸಹಿಯೂ ಹಾಕಿಕೊಳ್ಳಿ. ಮದುವೆ ಮೆರವಣಿಗೆಯಲ್ಲಿ ಇಂಥದ್ದು ಹಿಡಿದು ರೀಲ್ ಮಾಡೋ ಹುಡುಗರಿಂದ ನಾವು ರೇಂಜ್‌ಗೆ ಬ್ಯಾಗ್ ಒಯ್ಯೋದೂ ಕಷ್ಟ ಆಗ್ತಿದೆ.

ಸೇಡಂ ಅಕ್ಕ
ಒಂದು ಜೌಲ್ ಇಲ್ಲ ಅಂದ್ರಿ, ಹಾಗಂದರೆ ಎಷ್ಟು? ನನ್ನ ತಮ್ಮನಿಗೂ ಇದೇ ಹುಚ್ಚು. ‘ಅಕ್ಕಾ ಸೊಳ್ಳೆ ಕಚ್ಚಿದಷ್ಟೇ’ ಅಂತಾನೆ. ಅವನು ಹೊಡೆದ ಗುಂಡು ಕೋಕ್ ಡಬ್ಬಿಯ ಒಂದು ಕಡೆ ತೂರಿ ಒಳಗೇ ಉಳಿದಿದ್ದು ನಾನೇ ನೋಡಿದ್ದೇನೆ.

ಗಂಜ್ ಗ್ಯಾಸ್
ಅಕ್ಕಾ, 0.20 ಗ್ರಾಂ ಬಿಬಿ ಸೆಕೆಂಡಿಗೆ 300 ಅಡಿ ಹೋದರೆ ಸುಮಾರು 0.84 ಜೌಲ್. ಅದೇ ಶಕ್ತಿಯಲ್ಲಿ 0.25 ಗ್ರಾಂ ಹಾಕಿದರೆ ವೇಗ 270 ಅಡಿ ಹತ್ತಿರಕ್ಕೆ ಇಳಿಯುತ್ತೆ. ಅದಕ್ಕೇ ಬರೀ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಅಡಿ) ಹೇಳೋರನ್ನ ನಂಬಬಾರದು, ಯಾವ ತೂಕದ ಗುಂಡಲ್ಲಿ ಅಂತ ಕೇಳಬೇಕು. ಜಪಾನಿನಲ್ಲಿ 2006ರಿಂದ 0.98 ಜೌಲ್ ಮಿತಿ ಇದೆ. ಚರ್ಮಕ್ಕೆ ಬಿದ್ದರೆ ಕೆಂಪು ಗುಳ್ಳೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ, ಇದರಲ್ಲಿ ಎರಡು ಮಾತಿಲ್ಲ. ನಿಮ್ಮ ತಮ್ಮ ತಂಪು ಕನ್ನಡಕ ಹಾಕ್ಕೊಂಡು ಹೊಡೀತಿದ್ದರೆ ಕಿವಿ ಹಿಂಡಿ. ಅದು ಒಡೆದು ಚೂರು ಕಣ್ಣಿಗೇ ಬರುತ್ತೆ. ಏಟು ತಡೆಯೋ ಸೇಫ್ಟಿ ಗ್ಲಾಸ್ ಬೇಕು, ಝಡ್87 ಅಂತ ಗುರುತು ಇರೋದು. ಡಬ್ಬಿಗೆ ಬಡಿದು ವಾಪಸ್ ಬರೋ ಗುಂಡೂ ಇರುತ್ತೆ, ಪಕ್ಕದಲ್ಲಿ ನಿಂತು ನೋಡೋರೂ ಹಾಕ್ಕೋಬೇಕು.

ಸೇಡಂ ಅಕ್ಕ
ಸರಿ. ಇವತ್ತೇ ತರಿಸ್ತೀನಿ, ಅಲ್ಲೀತನಕ ಪಿಸ್ತೂಲು ನನ್ನ ಬೀರುವಿನಲ್ಲಿ.

ಮಳಖೇಡ ಮಾರುಯಿ (ಕಲಬುರಗಿ ಜಿಲ್ಲೆ)
ನಾನು ಬೇರೆ ಮಾತು ಹೇಳ್ತೀನಿ, ಬೈಯಬೇಡಿ. ನಮ್ಮ ಕಡೆ ಮೆಟಲ್ ಸ್ಲೈಡ್ ತಗೊಳ್ಳೋದೇ ದಂಡ. ಎಲ್ಲರೂ ‘ಫುಲ್ ಮೆಟಲ್’ ಅಂದ ತಕ್ಷಣ ಬಾಯಿ ಬಿಡ್ತಾರೆ. ಆ ಮೆಟಲ್ ಬಹಳ ಸಲ ಸತುವಿನ ಎರಕ. ಭಾರ ಜಾಸ್ತಿ, ತಳ್ಳೋಕೆ ಗ್ಯಾಸ್ ಜಾಸ್ತಿ, ಬಡಿದು ಬಡಿದು ಮುಂದಿನ ಭಾಗದಲ್ಲಿ ಬಿರುಕು. ಜಪಾನಿನ ಟೋಕಿಯೊ ಮಾರುಯಿ ಕಂಪನಿಯ ಹೈ-ಕ್ಯಾಪಾ ಪಿಸ್ತೂಲು ನೋಡಿ, ಪ್ಲಾಸ್ಟಿಕ್ ಸ್ಲೈಡ್. ಕೈಗೆ ಹಗುರ, ನಿಜ. ಆದರೆ ಡಬ್ಬಿಯಿಂದ ತೆಗೆದ ಕೂಡಲೇ ಯಾವ ಮೆಟಲ್ ಪಿಸ್ತೂಲಿಗಿಂತಲೂ ನೆಟ್ಟಗೆ ಹೊಡೆಯುತ್ತೆ. ಜಪಾನಿನಲ್ಲಿ ಲೋಹದ ಮೈಯ ಪಿಸ್ತೂಲು ಮಾದರಿಗಳಿಗೆ ಕಾನೂನಿನ ಕಟ್ಟುಪಾಡು ಇರೋದರಿಂದ ಅವರು ಪ್ಲಾಸ್ಟಿಕ್‌ನಲ್ಲೇ ಪಳಗಿದರು.

ಗಂಜ್ ಗ್ಯಾಸ್
ಮಾರುಯಿ ಸ್ಲೈಡ್‌ಗೆ ಗ್ರೀನ್ ಗ್ಯಾಸ್ ಹಾಕಿ ನೋಡಿ, ಅದೂ ಒಡೆಯುತ್ತೆ!

ಮಳಖೇಡ ಮಾರುಯಿ
ಯಾಕೆ ಹಾಕಬೇಕು ಮಾರಾಯಾ? ಅದನ್ನ ಮಾಡಿರೋದೇ 134ಎ (ಫ್ರಿಜ್‌ಗೆ ಹಾಕೋ ಗ್ಯಾಸ್) ಥರದ ಗ್ಯಾಸ್‌ಗೆ. ನಮ್ಮ ಬಿಸಿಲಿನ ಲೆಕ್ಕ ಹಾಕು. ಗ್ರೀನ್ ಗ್ಯಾಸ್ ಅಂದರೆ ಪ್ರೊಪೇನು, ಜೊತೆಗೆ ಚೂರು ಸಿಲಿಕಾನ್ ಎಣ್ಣೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 8 ಬಾರ್. 134ಎ ಗ್ಯಾಸ್‌ದು ಅದೇ 20 ಡಿಗ್ರಿಯಲ್ಲಿ 6 ಬಾರ್‌ಗಿಂತ ಕಮ್ಮಿ, ಅದಕ್ಕೇ ಚಳಿ ದೇಶದವರು ಅದನ್ನ ‘ವೀಕ್’ ಅಂತಾರೆ. ಈಗ ಏಪ್ರಿಲ್ ಕಲಬುರಗಿಗೆ ಬಾ. 40 ಡಿಗ್ರಿಯಲ್ಲಿ 134ಎ ಸುಮಾರು 10 ಬಾರ್ ಆಗುತ್ತೆ. ಅಂದರೆ ಅವರ ಗ್ರೀನ್ ಗ್ಯಾಸ್‌ಗಿಂತ ನಮ್ಮ ವೀಕ್ ಗ್ಯಾಸೇ ಜೋರು. ಅದೇ ಬಿಸಿಲಲ್ಲಿ ಪ್ರೊಪೇನ್ 13 ದಾಟುತ್ತೆ. ಯೂರೋಪಿನವರು ಮಾಡಿದ ವೀಡಿಯೋ ನೋಡಿ ಗ್ಯಾಸ್ ಆರಿಸೋರು ಇದನ್ನ ಯೋಚನೆ ಮಾಡಲ್ಲ.

ಗಂಜ್ ಗ್ಯಾಸ್
ಇದು ಮಾತ್ರ ಒಪ್ಪಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ಪಿಸ್ತೂಲು, ಮಧ್ಯಾಹ್ನ ಅದೇ ಇನ್ನೊಂದು ಪಿಸ್ತೂಲು. ಸ್ಲೈಡ್ ಬಡಿಯೋ ಸದ್ದೇ ಬೇರೆ. ಮಧ್ಯಾಹ್ನ ಒತ್ತಡ ಜಾಸ್ತಿಯಾಗಿ, ಗ್ಯಾಸ್ ತುಂಬಿರೋ ಮ್ಯಾಗ್ಜಿನ್‌ನ ವಾಲ್ವ್ ತೆರೆಯೋದೇ ಇಲ್ಲ, ಟ್ರಿಗರ್ ಎಳೆದರೆ ‘ಟಕ್’ ಅಂದು ಸುಮ್ಮನಾಗುತ್ತೆ.

ಚೌಬಾರಾ ಬಾಯ್
ಬೀದರ್ ನಿಮ್ಮಷ್ಟು ಸುಡಲ್ಲ. ಚಳಿಗಾಲದಲ್ಲಂತೂ ಬೆಳಿಗ್ಗೆ ಬೇಗ ಬೇಗ ಹೊಡೆದರೆ ಮ್ಯಾಗ್ಜಿನ್ ತಣ್ಣಗಾಗಿ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತೆ. ಸಿಓ2 ಮ್ಯಾಗ್ಜಿನ್ ತಗೊಂಡರೆ ಎರಡೂ ತಲೆನೋವು ಹೋಗಲ್ವಾ?

ಮಳಖೇಡ ಮಾರುಯಿ
ಹೋಗಲ್ಲ, ಬೆಳೆಯುತ್ತೆ. 12 ಗ್ರಾಂ ಸಿಲಿಂಡರಲ್ಲಿ 20 ಡಿಗ್ರಿಗೇ 57 ಬಾರ್ ಇರುತ್ತೆ. 31 ಡಿಗ್ರಿ ದಾಟಿದರೆ ಸಿಓ2 ದ್ರವವಾಗಿ ಉಳಿಯೋದೇ ಇಲ್ಲ, ಅಲ್ಲಿಂದ ಮುಂದೆ ಒತ್ತಡ ಸರಸರ ಏರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಇಟ್ಟು ಊಟಕ್ಕೆ ಹೋಗೋ ವಸ್ತು ಅಲ್ಲ ಅದು.

ಸುರಪುರದವ
ಹಾಗೇ ಇನ್ನೊಂದು. ಮನೆಯ ಅಡುಗೆ ಸಿಲಿಂಡರ್‌ನಿಂದ ತುಂಬಿಸ್ತೀನಿ ಅನ್ನೋ ಜಾಣರೂ ಇದ್ದಾರೆ. ಅದರಲ್ಲಿ ಬ್ಯೂಟೇನ್ ಜಾಸ್ತಿ, ಸಿಲಿಕಾನ್ ಎಣ್ಣೆ ಇಲ್ಲ, ಸೀಲ್ ಒಣಗುತ್ತೆ. ಅದು ಬಿಡಿ, ಅಡುಗೆಮನೆಯಲ್ಲಿ ಗ್ಯಾಸ್ ಬಿಟ್ಟುಕೊಂಡು ತುಂಬಿಸೋದು ಅಂದರೆ ತಲೆ ಸರಿ ಇದೆಯಾ ಅಂತ ಕೇಳಬೇಕು.

ಚೌಬಾರಾ ಬಾಯ್
ಎಲ್ಲಾ ಸರಿ, ನನ್ನ ಬಿದ್ರಿ ಎಲ್ಲಿಗೆ ಹೋಯ್ತು?

ಕೋಟೆ ಮಣ್ಣು (ಬೀದರ್)
ಬಂತು ನೋಡು. ನಮ್ಮ ಮನೆಯಲ್ಲಿ ಈ ಕೆಲಸ ನಡೆಯುತ್ತೆ, ಅದಕ್ಕೆ ಬರೀತಿದೀನಿ. ಮಾರುಯಿ ಭಾಯ್ ಸತುವಿನ ಎರಕ ಅಂತ ಮೂಗು ಮುರಿದ್ರಲ್ಲ, ಬಿದ್ರಿ ಕೂಡ ಸತುವೇ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಮರಳಿನ ಅಚ್ಚಲ್ಲಿ ಎರಕ ಹೊಯ್ಯೋದು. ಅರ ಹಾಕಿ ನಯ ಮಾಡಿ, ಮೈಲುತುತ್ತ ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ, ಗೆರೆ ಕಾಣಲಿ ಅಂತ. ಚಾಣದಲ್ಲಿ ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟಿ ಕೂರಿಸ್ತಾರೆ. ಮತ್ತೆ ಉಜ್ಜಿದಾಗ ಎಲ್ಲ ಒಂದೇ ಬೂದು ಬಣ್ಣ, ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಕೋಟೆ ಮಣ್ಣು, ನವಸಾಗರ ಕಲಸಿದ ಬಿಸಿ ನೀರಲ್ಲಿ ಹಾಕಿ ತೆಗೆದರೆ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಎಣ್ಣೆ ಒರೆಸಿದರೆ ಮುಗೀತು.
ಈಗ ನಿನ್ನ ಗ್ರಿಪ್. ಇಡೀ ಗ್ರಿಪ್ ಬಿದ್ರಿಯಲ್ಲಿ ಮಾಡಿದರೆ ಒಂದೊಂದು ನೂರು ಗ್ರಾಂ ದಾಟಬಹುದು. ತೂಕ ಕಮ್ಮಿ ಮಾಡೋಣ ಅಂತ ತೆಳ್ಳಗೆ ಎರಕ ಹೊಯ್ದರೆ ಸ್ಕ್ರೂ ತೂತಿನ ಹತ್ತಿರ ಪುಟಕ್ ಅಂತ ಸೀಳುತ್ತೆ, ಈ ಲೋಹ ಬಾಗಲ್ಲ. ಮೇಲಾಗಿ ದಿನಾ ಬೆವರು ಕೈಯಲ್ಲಿ ಹಿಡಿಯೋ ವಸ್ತು. ಹೂದಾನಿ ಆದರೆ ಶೋಕೇಸಲ್ಲಿ ಕೂರುತ್ತೆ, ಇದು ಹಾಗಲ್ಲ. ಬೆರಳು ಒತ್ತೋ ಜಾಗದಲ್ಲಿ ಕಪ್ಪು ಮಾಸುತ್ತೆ.

ಹತ್ತು ಮೀಟರ್
ಅಂದರೆ ಆಗಲ್ಲ ಅಂತಲೇ ತೀರ್ಪು?

ಕೋಟೆ ಮಣ್ಣು
ಆಗುತ್ತೆ ಸರ್, ಹೀಗೆ ಮಾಡಬೇಕು. ಗ್ರಿಪ್ ಬೀಟೆ ಮರದ್ದು ಮಾಡಿಸು. ಅದರ ನಡುವೆ ನಾಣ್ಯದಷ್ಟು ಗುಂಡಗಿನ ಬಿದ್ರಿ ಬಿಲ್ಲೆ ಕೂರಿಸು. ಬೆರಳ ತುದಿ, ಅಂಗೈ ಎರಡೂ ಅಷ್ಟಾಗಿ ಒತ್ತದ ಜಾಗ ನೋಡಿ ಕೂರಿಸಬೇಕು. ಸ್ಕ್ರೂ ಮರದ ಮೇಲೆ ಬೀಳುತ್ತೆ, ಬಿಲ್ಲೆಗೆ ಏಟು ಇಲ್ಲ. ಅಶರ್ಫಿ ಬೂಟಿ ನಾಣ್ಯದಳತೆಗೆ ಚೆಂದ ಬರುತ್ತೆ. ಒಂದೇ ವಿನಂತಿ, ಅಂಗಡಿಗೆ ಹೋದಾಗ ಪಿಸ್ತೂಲು ಒಯ್ಯಬೇಡ, ಗ್ರಿಪ್ ಮಾತ್ರ ಬಿಚ್ಚಿ ಒಯ್ಯಿ.

ಗಂಜ್ ಗ್ಯಾಸ್
ಇದು ನನಗೂ ಹಿಡಿಸ್ತು. ಆದರೂ ರಬ್ಬರ್ ಮೊದಲು. ಬ್ಯಾರಲ್ ವಿಷಯಕ್ಕೆ 6.01 ಬ್ಯಾರಲ್ (ಒಳಗಿನ ಅಗಲ 6.01 ಎಂಎಂ) ತಗೋ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಗುಂಡು 5.95 ಎಂಎಂ, ನಮ್ಮ ಕಡೆ ಧೂಳು ಬೇರೆ. ಸೇಡಂ, ಶಹಾಬಾದ್ ಕಡೆ ಗಾಳಿಯಲ್ಲೇ ಸುಣ್ಣದಕಲ್ಲಿನ ಪುಡಿ ಇರುತ್ತೆ. 6.03 ಸಾಕು, ಅದನ್ನೂ ಆಗಾಗ ಬಟ್ಟೆ ಹಾಕಿ ಒರೆಸಬೇಕು. ಎಣ್ಣೆ ಸಿಲಿಕಾನ್‌ದೇ ಇರಲಿ. ಹೊಲಿಗೆ ಮಷೀನ್ ಎಣ್ಣೆ ಬಿಟ್ಟರೆ ರಬ್ಬರ್ ಉಬ್ಬುತ್ತೆ.

ಹತ್ತು ಮೀಟರ್
ಇಷ್ಟೆಲ್ಲ ಮಾಡಿ ಕೊನೆಗೆ ನೇರ ಹೋಗುತ್ತಾ? ನನ್ನ ಟಾರ್ಗೆಟ್ ಕಾಗದ ಕೊಡ್ತೀನಿ, ಹೊಡೆದು ಫೋಟೋ ಹಾಕಿ. ಐದು ಗುಂಡಲ್ಲಿ ಕಪ್ಪು ವೃತ್ತದೊಳಗೆ ಮೂರು ಬಿದ್ದರೆ ಶೋಕಿ ಅನ್ನೋ ಮಾತು ವಾಪಸ್ ತಗೋತೀನಿ.

ಮಳಖೇಡ ಮಾರುಯಿ
ನನ್ನ ಹೈ-ಕ್ಯಾಪಾದಲ್ಲಿ ನಾನು ಹೊಡೀತೀನಿ. ಸಂಜೆ, ಗಾಳಿ ನಿಂತ ಮೇಲೆ. ಸರ್ ಕಾಗದ ರೆಡಿ ಇಡಿ.

ಚೌಬಾರಾ ಬಾಯ್
ಸರಿ, ಬೀಟೆ ಮರ, ಬಿದ್ರಿ ಬಿಲ್ಲೆ, ಮೊದಲು ರಬ್ಬರು. ಕಿತ್ತಳೆ ತುದಿ ವಿಷಯ ಇನ್ನೂ ಮನಸ್ಸು ಒಪ್ಪಿಲ್ಲ ಅಣ್ಣಾ, ಕಂದು ಮರಕ್ಕೆ ಕಿತ್ತಳೆ ಅಂದರೆ...

ಸುರಪುರದವ
ಕಂದು ಮರಕ್ಕೆ ಕಿತ್ತಳೆ ಏನೂ ಆಗಲ್ಲ. ತೆಗೆದರೆ ಮಾಳಿಗೆ ಮೇಲೂ ಹೊಡೀಬೇಡ, ಮನೆಯೊಳಗೆ ಬಾಗಿಲು ಹಾಕ್ಕೊಂಡು ಹೊಡಿ. ನಾನು ಇಷ್ಟಕ್ಕಿಂತ ಇಳಿಯಲ್ಲ.

ಕೋಟೆ ಮಣ್ಣು
ತಮ್ಮಾ, ಮರದ ಗ್ರಿಪ್‌ಗೆ ಅಳತೆ ಕೊಡುವಾಗ ಹಳೇ ಪ್ಲಾಸ್ಟಿಕ್ ಗ್ರಿಪ್ಪನ್ನೇ ಬಡಗಿಗೆ ಕೊಡು, ನೆಟ್‌ನಲ್ಲಿ ಸಿಗೋ ಅಸಲಿ 1911 ಅಳತೆ ನಂಬಬೇಡ, ಏರ್‌ಸಾಫ್ಟ್ ಫ್ರೇಮ್ ಒಂದೊಂದು ಕಂಪನಿದು ಒಂದೊಂದು ಥರ. ಎಡಗಡೆ ಗ್ರಿಪ್‌ನ ಮೇಲ್ತುದಿ ಪ್ಲಂಜರ್ ಟ್ಯೂಬ್‌ಗೆ (ಫ್ರೇಮ್ ಮೇಲಿನ ಸಣ್ಣ ಕೊಳವೆ) ತಾಗುತ್ತೆ, ಅಲ್ಲಿ ಚೂರು ಉಜ್ಜಿಸು. ಬಿಲ್ಲೆಗೆ ಗುಂಡಿ ತೋಡಿಸೋದು ಆಮೇಲೆ, ಗ್ರಿಪ್ ಸರಿಯಾಗಿ ಕೂತ ಮೇಲೆ.