ಮದುವೆಯಾದ ಮೇಲೆ ಹೆಸರು ಬದಲಿಸುವ ಮುನ್ನ

ಅಮೆರಿಕಕ್ಕೆ ಹೊಸದಾಗಿ ಬಂದ ದಂಪತಿಗಳು ಕೇಳುವ ಪ್ರಶ್ನೆಗಳಲ್ಲಿ, ಹೆಂಡತಿಯು ಗಂಡನ ಸರ್‌ನೇಮ್ ಇಟ್ಟುಕೊಳ್ಳಬೇಕೇ ಎಂಬುದು ತಪ್ಪದೆ ಬರುತ್ತದೆ. ಭಾರತದ ಕಾನೂನಾಗಲಿ ಇಲ್ಲಿನ ಕಾನೂನಾಗಲಿ ಅದನ್ನು ಕಡ್ಡಾಯ ಮಾಡಿಲ್ಲ. ಆದರೆ ಗಂಡನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದು ಅಚ್ಚಾಗಿರುವುದು ಯಾರ ಹೆಸರು ಎಂಬುದನ್ನು ಮೊದಲು ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಧಾರವಾಡ, ಬೆಳಗಾವಿ ಕಡೆಯ ಪಾಟೀಲ, ದೇಸಾಯಿ, ಹಿರೇಮಠ ಮನೆಗಳವರಿಗೆ ಈ ತೊಡಕು ಕಡಿಮೆ, ಏಕೆಂದರೆ ಅವರ ಅಡ್ಡಹೆಸರು ತಲೆಮಾರುಗಳಿಂದ ಬಂದದ್ದು. ಕೊಡವರಿಗೆ ಒಕ್ಕದ, ಅಂದರೆ ಮನೆತನದ, ಹೆಸರಿದೆ. ಹಳೆಯ ಮೈಸೂರು ಸೀಮೆಯ ನಮ್ಮಂಥವರಿಗೆ ಇರುವುದು ಇನಿಷಿಯಲ್ ಮಾತ್ರ. ಒಂದಕ್ಷರ ಊರಿನದು, ಇನ್ನೊಂದು ತಂದೆಯದು. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಆ ಅಕ್ಷರವನ್ನು ಬಿಡಿಸಿ ಬರೆದದ್ದರಿಂದ ಕೆಲವರಿಗೆ ತಂದೆಯ ಹೆಸರು, ಕೆಲವರಿಗೆ ಎಂದೂ ವಾಸವಿರದ ಹಳ್ಳಿಯ ಹೆಸರು ಸರ್‌ನೇಮ್ ಆಗಿಬಿಟ್ಟಿದೆ. ಆ ಕಲಂ ಖಾಲಿ ಬಿಟ್ಟವರ ಕಥೆ ಇನ್ನೂ ವಿಚಿತ್ರ: ಅಮೆರಿಕದ ವೀಸಾದಲ್ಲಿ ಅವರ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು', ಅಂದರೆ ಮೊದಲ ಹೆಸರು ತಿಳಿಯದು ಎಂದು ಕೂರುತ್ತದೆ.

ಸುಹಾಸ್ ರಮೇಶ್ ಎಂಬುವರನ್ನು ಅನಿತಾ ಮದುವೆಯಾದರೆಂದು ಇಟ್ಟುಕೊಳ್ಳೋಣ. ನಮ್ಮ ರೂಢಿಯಂತೆ ಆಕೆ ಅನಿತಾ ಸುಹಾಸ್ ಆಗುತ್ತಾರೆ, ಮಕ್ಕಳ ಹೆಸರಿನ ಮುಂದೆಯೂ ಸುಹಾಸ್ ಎಂದೇ ಬರುತ್ತದೆ. ಆಗ ತಾಯಿ ಮಕ್ಕಳೆಲ್ಲ ಸುಹಾಸ್, ತಂದೆಯೊಬ್ಬರೇ ರಮೇಶ್. ಇಲ್ಲಿನ ಪದ್ಧತಿಯನ್ನೇ ಅನುಸರಿಸಿ ಅನಿತಾ ರಮೇಶ್ ಆದರೆ, ಸೊಸೆಯು ಮಾವನವರ ಹೆಸರನ್ನು ಹೊತ್ತಂತಾಗುತ್ತದೆ. ಶಾಲೆಯವರು ಮನೆಗೆ ಫೋನ್ ಮಾಡಿ 'ಮಿಸೆಸ್ ರಮೇಶ್' ಎಂದಾಗ, ಊರಿನಿಂದ ಬಂದಿರುವ ಅತ್ತೆಯವರು ತಮ್ಮನ್ನೇ ಕರೆದರೆಂದು ತಿಳಿದರೆ ತಪ್ಪೇನಿಲ್ಲ.

ಹೀಗಾಗಿ ಮದುವೆಯಾದ ತಕ್ಷಣ ಹೆಸರು ಬದಲಿಸಬೇಡಿರೆಂದೇ ನಾನು ಹೇಳುತ್ತೇನೆ. ಪಾಸ್‌ಪೋರ್ಟನ್ನು ಹೊಸ ಹೆಸರಿನಲ್ಲಿ ಮರುವಿತರಣೆ ಮಾಡಿಸಿದರೆ ಸಾಲದು; ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ತವರಿನ ಆಸ್ತಿಯ ಕಾಗದಪತ್ರಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ, ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಂತೂ ಹಳೆಯ ಹೆಸರೇ ಇರುತ್ತದೆ. ಹತ್ತು ವರ್ಷ ಕಳೆದು ಸೈಟು ಮಾರಲು ಬೆಂಗಳೂರಿನ ಉಪನೋಂದಣಾಧಿಕಾರಿಯ ಕಚೇರಿಗೆ ಹೋದಾಗ, ಎರಡು ಹೆಸರೂ ಒಬ್ಬರದೇ ಎಂದು ಅಫಿಡವಿಟ್ ಮಾಡಿಸುತ್ತ ನಿಲ್ಲಬೇಕಾಗಬಹುದು.

ಒಂದೇ ಹೆಸರು ಬೇಕೇಬೇಕೆನ್ನುವವರು ಅಮೆರಿಕದ ಪೌರತ್ವ ಪಡೆಯುವವರೆಗೆ ಕಾಯುವುದು ಮೇಲು. ಪೌರತ್ವಕ್ಕೆ ಸಲ್ಲಿಸುವ ಎನ್-400 ಅರ್ಜಿಯಲ್ಲಿಯೇ ಹೆಸರು ಬದಲಾವಣೆಯನ್ನು ಕೋರಲು ಅವಕಾಶವಿದ್ದು, ನ್ಯಾಯಾಲಯದಲ್ಲಿ ಪ್ರಮಾಣವಚನ ನಡೆಯುವುದಾದರೆ ನ್ಯಾಯಾಧೀಶರೇ ಅದನ್ನು ಮಂಜೂರು ಮಾಡುತ್ತಾರೆ. ಆ ಹೊತ್ತಿಗೆ ಗಂಡನೂ ತನ್ನ ಹೆಸರನ್ನು ಸರಿಪಡಿಸಿಕೊಳ್ಳಬಹುದಲ್ಲ! ಬದಲಾಗಬೇಕಾದವಳು ಹೆಂಡತಿಯೇ ಎಂದು ನಾವೇಕೆ ಮೊದಲೇ ತೀರ್ಮಾನಿಸಿಕೊಂಡಿರುತ್ತೇವೋ ತಿಳಿಯದು. ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಒಸಿಐ ಕಾರ್ಡು ಅಮೆರಿಕದ ಪಾಸ್‌ಪೋರ್ಟಿನ ಹೆಸರಿನಲ್ಲಿ ಬರುವುದರಿಂದ, ಹಳೆಯ ಭಾರತೀಯ ಪಾಸ್‌ಪೋರ್ಟಿನ ಹೆಸರಿಗೂ ಇದಕ್ಕೂ ಸಂಬಂಧ ತೋರಿಸುವ ಪೌರತ್ವ ಪ್ರಮಾಣಪತ್ರವನ್ನೂ ಹೆಸರು ಬದಲಾವಣೆಯ ಆದೇಶವನ್ನೂ ಜೋಪಾನವಾಗಿ ಇಡಬೇಕು.

ಮಗುವಿನ ವಿಷಯ ಮಾತ್ರ ಕಾಯುವಂಥದ್ದಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಜನನ ಪ್ರಮಾಣಪತ್ರದ ಅರ್ಜಿ ತುಂಬಬೇಕಾಗುವುದರಿಂದ, ಯಾವ ಸರ್‌ನೇಮ್ ಎಂಬುದನ್ನು ಗಂಡಹೆಂಡಿರು ಏಳನೆಯ ತಿಂಗಳಿನಲ್ಲಿಯೇ ಕುಳಿತು ಮಾತನಾಡಿಕೊಳ್ಳುವುದು ಒಳ್ಳೆಯದು. ತಾಯಿಯ ಹೆಸರು ಬೇರೆಯಾಗಿದ್ದರೂ ಮಗುವಿನ ಮೇಲಿನ ಹಕ್ಕಿಗೆ ಯಾವ ಕುಂದೂ ಇಲ್ಲ. ತಾಯಿಯೊಬ್ಬಳೇ ಮಗುವನ್ನು ಕರೆದುಕೊಂಡು ಊರಿಗೆ ಹೊರಟಾಗ ಜನನ ಪ್ರಮಾಣಪತ್ರದ ಪ್ರತಿ ಮತ್ತು ತಂದೆಯ ಒಪ್ಪಿಗೆ ಪತ್ರ ಕೈಚೀಲದಲ್ಲಿರಲಿ; ಒಪ್ಪಿಗೆ ಪತ್ರಕ್ಕೆ ನೋಟರಿಯ ಮುಂದೆ ಸಹಿ ಮಾಡಿಸಿದ್ದರೆ ಇನ್ನೂ ಉತ್ತಮ.